ನಾನೂರ ಹದಿನೇಳನೇ ನಂಬರಿನ ಕೋವಿ

ಕೋವಿ ತಂದಾಕೆ ಖಾಕಿ ತೊಟ್ಟಿದ್ದರಿಂದ ಪೊಲೀಸೇ ಇರಬೇಕೆಂದು ನಾನು ಗಡಬಡಿಸಿ ಎದ್ದು ನಿಂತೆ. ಬಂದೂಕು ರಿಪೇರಿ ಮಾಡುವವನಿಗೆ ಖಾಕಿ ಕಂಡರೆ ತಪ್ಪು ಮಾಡದಿದ್ದರೂ ಎದೆ ಹೊಡೆದುಕೊಳ್ಳುತ್ತದೆ. ಹತ್ತಿರ ಬಂದಾಗ ಹೆಗಲಲ್ಲಿ ಟಿಕೆಟ್ ಮೆಷಿನ್ನಿನ ಚೀಲ ಕಂಡಿತು. ನಮ್ಮ ನಂಜನಗೂಡಿನಿಂದ ಹುಲ್ಲಹಳ್ಳಿ ಕಡೆಗೆ ಓಡುವ ಬಸ್ಸಿನ ಕಂಡಕ್ಟರ್ ಅವರು. ಬಾಗಿಲಲ್ಲಿ ನಿಂತಿದ್ದ ಆಟೋದಿಂದ, ಹಳೇ ಸೀರೆಯಲ್ಲಿ ಸುತ್ತಿದ ಕೋವಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು.

"ಡ್ಯೂಟಿ ಮುಗಿಸ್ಕೊಂಡು ಅಂಗೇ ಬಂದೆ ಸಾ. ಇದನ್ನ ನಿಮ್ಮತ್ರ ಇಡ್ಬೇಕಂತೆ."

ಕಾನೂನು ಹಾಗೇ ಇದೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ, ವಾರಸುದಾರರ ಹೆಸರಿಗೆ ಅದು ಬದಲಾಗುವ ತನಕ ಕೋವಿ ಮನೆಯಲ್ಲಿರಬಾರದು. ಠಾಣೆಯಲ್ಲಿರಬೇಕು, ಇಲ್ಲವೇ ನನ್ನಂಥ ಲೈಸೆನ್ಸ್ ಇರುವ ಅಂಗಡಿಯಲ್ಲಿರಬೇಕು. ಅವರ ತಂದೆ ತೀರಿಕೊಂಡು ಮೂರು ತಿಂಗಳಾಗಿತ್ತು. ತಂದೆಗಿಂತ ಮೊದಲು ಅದು ತಾತನ ಹೆಸರಿನಲ್ಲಿತ್ತು. ನಾಲೆಯಂಚಿನ ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತವೆ, ಲೈಸೆನ್ಸ್ ನನ್ನ ಹೆಸರಿಗೇ ಆಗಲಿ ಎಂದು ಅವರು ಅರ್ಜಿ ಕೊಟ್ಟಿದ್ದರು.

ಇಂಗ್ಲೆಂಡಿನಲ್ಲಿ ತಯಾರಾದ ಜೋಡಿ ನಳಿಗೆಯ ಕೋವಿ. ಮರದ ಹಿಡಿ ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಬಾಗಿಸಿ ತೆರೆದು ಮುಚ್ಚಿದೆ. 'ಟಕ್' ಅನ್ನಬೇಕಾದ್ದು 'ಲಟಕ್' ಅಂದಿತು. ನಳಿಗೆ ಬಿಡಿಸಿ ನೋಡಿದರೆ, ಹಿಡಿಯ ಕಬ್ಬಿಣಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆಯೊಳಗೆ ಯಾರೋ ತಾಮ್ರದ ತಗಡು ಕೊಟ್ಟು ಬಿಗಿ ಮಾಡಿದ್ದರು.

"ಯಾವನೋ ಬುದ್ಧಿವಂತ ಪಾತ್ರೆಗೆ ತೇಪೆ ಹಾಕಿದ ಹಾಗೆ ಹಾಕಿದಾನೆ ನೋಡಿ" ಎಂದು ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ವಾರ ಕಳೆದ ಮೇಲೆ ಲೈಸೆನ್ಸ್ ಕೊಡುವ ಕಚೇರಿಯ ಗುಮಾಸ್ತರು ಕೋವಿಯ ನಂಬರ್ ತಾಳೆ ನೋಡಲು ಬಂದರು. ಇಷ್ಟು ವರ್ಷ ಅದನ್ನು ಯಾರೂ ನೋಡಿರಲಿಲ್ಲ. ಪ್ರತಿ ಸಲ ನವೀಕರಣಕ್ಕೆ ಹೋದಾಗ ಹಳೇ ಪುಸ್ತಕದ ನಂಬರನ್ನು ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದರು, ಅಷ್ಟೆ. ಲೈಸೆನ್ಸಿನಲ್ಲಿದ್ದ ನಂಬರಿನ ಕೊನೆಯ ಮೂರು ಅಂಕಿ ೪೧೭. ಹಿಡಿಯ ಕೆಳಗೆ, ಬೆರಳಿಂದ ಎಳೆಯುವ ಕುದುರೆಯ ಕಾವಲಿನ ಮೇಲೆ ಇರಬೇಕಾದ ನಂಬರು ಸವೆದು ಹೋಗಿತ್ತು. ವರ್ಷಾ ವರ್ಷಾ ಆಯುಧಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರ ಫಲ ಅದು. ನಳಿಗೆಯ ಅಡಿಯಲ್ಲಿ ನಂಬರಿನ ಗುಳಿಗಳೊಳಗೆ ಕುಂಕುಮ ಕೂತು ಕಲ್ಲಾಗಿತ್ತು. ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು, ಬೇವಿನ ಕಡ್ಡಿಯಿಂದ ಕೆದಕಿದೆ. ಅಂಕಿ ಒಂದೊಂದೇ ಕಣ್ಣುಬಿಟ್ಟವು. ಕೊನೆಯ ಮೂರು: ೪೧೮.

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದು ಆ ಕೋವಿ ಅಲ್ಲ ಕಣ್ರೀ. ಮೊದಲೇ ಒಂದು ತಕರಾರು ಅರ್ಜಿ ಬೇರೆ ಇದೆ" ಅಂದರು.

ತಕರಾರು ಕೊಟ್ಟವರು ಕಂಡಕ್ಟರಮ್ಮನ ಊರಿನ ದೊಡ್ಡಮನೆಯವರು. ಇವರ ತಾತ ಆ ಮನೆಯವರ ಜೊತೆ ಬೇಟೆಗೆ ಹೋಗಿ ಸೋವು ಮಾಡುತ್ತಿದ್ದರಂತೆ, ಅಂದರೆ ಗದ್ದಲ ಎಬ್ಬಿಸಿ ಪ್ರಾಣಿಗಳನ್ನು ಎದುರಿಗೆ ಅಟ್ಟುವ ಕೆಲಸ. ಕೋವಿ ತಮ್ಮ ಮನೆಯಿಂದ ಕಾಣೆಯಾದದ್ದು, ಆ ಕಾಲದಲ್ಲಿ ಕೇಳಲು ಹೋಗಲಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದರು. ಮೂಲ ಖರೀದಿಯ ದಾಖಲೆಯನ್ನೂ ನಂಬರಿನ ವ್ಯತ್ಯಾಸಕ್ಕೆ ಕಾರಣವನ್ನೂ ಎರಡು ತಿಂಗಳಲ್ಲಿ ತೋರಿಸದಿದ್ದರೆ ಕೋವಿ ಸರ್ಕಾರಕ್ಕೆ ಜಪ್ತಿ ಎಂದು ಕಚೇರಿಯಿಂದ ನೋಟೀಸು ಬಂತು.

ಕಂಡಕ್ಟರಮ್ಮ ನೋಟೀಸು ಓದಿ ನನ್ನ ಮೇಜಿನ ಮೇಲಿಟ್ಟರು. ಅಂಗಡಿಯಲ್ಲಿ ಯಾರೂ ಇರಲಿಲ್ಲವಾದರೂ ದನಿ ತಗ್ಗಿಸಿದರು.

"ಕೋವಿ ಓದ್ರೆ ಓಗ್ಲಿ ಸಾ, ಹಂದಿಗೆ ಬೇಲಿ ಕಟ್ಕೊತೀನಿ. ಆದ್ರೆ ನಮ್ ಕೇರಿಯೋರ ಮನೇಲಿ ಇಂಗ್ಲಿಷ್ ಕೋವಿ ಯಂಗ್ ಬಂತು, ಕದ್ದೇ ತಂದಿರ್ಬೇಕು ಅಂತ ನಾನು ಸ್ಕೂಲ್ಗೋಗೋ ಕಾಲದಿಂದ ಕೇಳ್ತಾ ಇವ್ನಿ. ನಮ್ಮಪ್ಪ ಅದನ್ನ ಕೇಳ್ಕಂಡೇ ಸತ್ತೋದ್ರು. ಈಗ ಸರ್ಕಾರನೂ ಅದನ್ನೇ ಬರ್ದುಬುಟ್ರೆ, ತಾತ ಕಳ್ಳ ಅಂತ ಸೀಲ್ ಒಡ್ದಂಗಾಯ್ತದೆ."

"ಒಂದು ವಾರ ಕೊಡಿ, ಕೋವಿ ಹುಟ್ಟಿದ ಊರಿನಿಂದ ಹಿಡಿದು ಎಲ್ಲ ತೆಗೆದುಕೊಡ್ತೀನಿ" ಅಂದೆ. ಬಾಯಿ ಸುಮ್ಮನಿರಬೇಕಲ್ಲ!

ಇಂಥ ಕೋವಿಗಳ ಮೇಲೆ ಅದನ್ನು ಮಾಡಿದವನ ಹೆಸರಿಗಿಂತ ಮಾರಿದವನ ಹೆಸರು ಎದ್ದು ಕಾಣುವುದು ವಾಡಿಕೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ತೆಳ್ಳಗಿನ ಎಣ್ಣೆಕಾಗದ ಇಟ್ಟು ಪೆನ್ಸಿಲ್ಲು ಉಜ್ಜಿದೆ. ಕಣ್ಣಿಗೆ ಕಾಣದ ಅಕ್ಷರಗಳು ಕಾಗದದ ಮೇಲೆ ಬಿಳಿಯಾಗಿ ಮೂಡಿದವು. ಮೈಸೂರಿನ ಒಂದು ಅಂಗಡಿಯ ಹೆಸರು. ನನ್ನಪ್ಪ ಅಲ್ಲಿಂದಲೇ ಸ್ಪ್ರಿಂಗು, ಎಣ್ಣೆ ತರುತ್ತಿದ್ದುದು ನೆನಪಿತ್ತು. ಹೋಗಿ ನೋಡಿದರೆ ಆ ಜಾಗದಲ್ಲಿ ಮೊಬೈಲಿನ ಗಾಜು ಬದಲಾಯಿಸುತ್ತಿದ್ದರು. ಮುಚ್ಚಿದ ಅಂಗಡಿಯ ಮಾರಾಟದ ರಿಜಿಸ್ಟರು ಸರ್ಕಾರಕ್ಕೆ ಸೇರಬೇಕು ಎಂಬುದು ನಿಯಮ. ದಾಖಲೆ ಕೊಠಡಿಗೆ ಅರ್ಜಿ ಹಾಕಿದೆ, ಹದಿನೈದು ದಿನ ಕಾದೆ. ಆ ಕಾಲದ ಕಟ್ಟುಗಳು ಗೆದ್ದಲಿಗೆ ಆಹುತಿ ಎಂದು ಎರಡು ಸಾಲಿನ ಉತ್ತರ ಬಂತು.

ಪ್ರತಿ ಸಂಜೆ ಕಂಡಕ್ಟರಮ್ಮ ಅಂಗಡಿಯ ಮುಂದೆ ಹಾದು ಹೋಗುವಾಗ ಕೈಯಲ್ಲೇ 'ಏನಾಯ್ತು' ಅಂತ ಕೇಳೋರು, ನಾನು ಕೈಯಲ್ಲೇ 'ಇಲ್ಲ' ಅನ್ನೋನು. ಮೂರನೇ ವಾರದಿಂದ ಅವರು ಕೇಳುವುದನ್ನೇ ನಿಲ್ಲಿಸಿ ನಕ್ಕು ಹೋಗತೊಡಗಿದರು. ಅದು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಕೊನೆಗೆ ದಾರಿ ತೋರಿಸಿದ್ದು ಮೈಸೂರಿನ ಇನ್ನೊಬ್ಬ ಹಳೇ ವ್ಯಾಪಾರಿ. ಮುಚ್ಚಿದ ಅಂಗಡಿಯ ಯಜಮಾನರ ಮಗಳು ಟಿ. ನರಸೀಪುರದಲ್ಲಿದ್ದಾರೆ, ಟೀಚರಾಗಿ ರಿಟೈರ್ ಆದವರು, ಅಪ್ಪನ ಒಂದು ಚೂರು ಕಾಗದವನ್ನೂ ಎಸೆದವರಲ್ಲ ಎಂದರು. ಕಂಡಕ್ಟರಮ್ಮ ರಜಾ ಹಾಕಿದರು. ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆ ಬಸ್ಸಿನ ಕಂಡಕ್ಟರಿಗೆ ಜನ ನಿಲ್ಲಿಸುವುದು ಹೇಗೆ, ಚಿಲ್ಲರೆ ಕೇಳುವುದು ಹೇಗೆ ಎಂದು ಇವರು ಪಾಠ ಮಾಡಿದರು. ಆತ ಟಿ. ನರಸೀಪುರ ಬಂದಾಗ ನಮ್ಮನ್ನು ಇಳಿಸಿ ಉಸ್ಸಪ್ಪಾ ಅಂದಿರಬೇಕು.

ಟೀಚರಮ್ಮನ ಮನೆ ಸಂಗಮಕ್ಕೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತೈದು ದಾಟಿದ ಜೀವ, ಬೆನ್ನು ಮಾತ್ರ ಕಡ್ಡಿಯಂತೆ ನೆಟ್ಟಗೆ. ನಮ್ಮನ್ನು ಕೂರಿಸಿ, ಬಂದ ಕಾರಣವನ್ನು ಎರಡು ಸಲ ಕೇಳಿ, ಆಮೇಲೆ ನನ್ನ ಬೆರಳು ನೋಡಿದರು.

"ಗ್ರೀಸ್ ಕೈಯಲ್ಲಿ ನಮ್ಮಪ್ಪನ ಪುಸ್ತಕ ಮುಟ್ಟೋದಾ? ಹಿತ್ತಲಲ್ಲಿ ಸೋಪಿದೆ, ತೊಳ್ಕೊಂಡು ಬನ್ನಿ."

ಅರವತ್ತರ ಗಂಡಸು ಒಂದನೇ ಕ್ಲಾಸಿನ ಹುಡುಗನ ಹಾಗೆ ಎದ್ದು ಹೋಗಿ ಕೈ ತೊಳೆದು ಬಂದೆ. ಕಂಡಕ್ಟರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ಸರ್ಕಾರಕ್ಕೆ ಕೊಟ್ಟ ರಿಜಿಸ್ಟರು ಒಂದು, ಅವರಪ್ಪ ಮನೆಗೆಂದು ಇಟ್ಟುಕೊಂಡಿದ್ದ ನಕಲು ಇನ್ನೊಂದು. ಕೆಂಪು ರಟ್ಟಿನ ಉದ್ದನೆ ಪುಸ್ತಕ, ಒಳಗೆ ಬೇವಿನೆಲೆಯ ಪುಡಿ. ನಕಲಿನಲ್ಲೂ ಕೊಂಡವರ ರುಜು ಹಾಕಿಸಿಕೊಳ್ಳುವುದು ಅವರ ಪದ್ಧತಿಯಂತೆ. ಬರೆಯಲು ಬಾರದವರಿಗೆ ಹೆಬ್ಬೆಟ್ಟು. ಟೀಚರಮ್ಮ ತಾವೇ ಪುಟ ಮಗುಚಿದರು, ನಮಗೆ ಬಿಡಲಿಲ್ಲ. ಹೆಚ್ಚೂಕಡಿಮೆ ಒಂದು ಗಂಟೆಯ ಮೇಲೆ ಬೆರಳು ಒಂದು ಸಾಲಿನ ಮೇಲೆ ನಿಂತಿತು.

ಕೊನೆಯ ಅಂಕಿಗಳು ೪೧೭. ಕೊಂಡವರು: ಕಂಡಕ್ಟರಮ್ಮನ ತಾತನ ಹೆಸರು, ಅವರ ಅಪ್ಪನ ಹೆಸರು, ಊರು, ಹೋಬಳಿ. ಉದ್ದೇಶ: ಬೆಳೆ ರಕ್ಷಣೆ. ಕೊನೆಯ ಕಾಲಮ್ಮಿನಲ್ಲಿ ಹೆಬ್ಬೆಟ್ಟಿರಲಿಲ್ಲ. ದಪ್ಪ ದಪ್ಪ ಅಕ್ಷರದಲ್ಲಿ, ಗೆರೆಯಿಂದ ಸ್ವಲ್ಪ ಮೇಲೆ ಹೋಗಿ, ರುಜು ಇತ್ತು.

ಕಂಡಕ್ಟರಮ್ಮ ಅದನ್ನು ಮುಟ್ಟಲು ಕೈ ಚಾಚಿ ನಿಲ್ಲಿಸಿದರು. "ನಾನೂ ಕೈ ತೊಳ್ಕೊಂಡ್ ಬರ್ಲಾ ಮಿಸ್ಸು?" ಅಂದರು. ಟೀಚರಮ್ಮ ಪುಸ್ತಕವನ್ನೇ ಅವರ ಕಡೆ ತಿರುಗಿಸಿದರು.

"ತಾತನ್ಗೆ ಬರ್ಯಕ್ಕೇ ಬರ್ತಿರ್ನಿಲ್ಲ ಅಂತಿದ್ರು ಊರೋರು" ಎಂದರು ಕಂಡಕ್ಟರಮ್ಮ. ಅವರ ಕಣ್ಣು ತುಂಬಿತ್ತು.

ಆ ಸಂತೋಷಕ್ಕೆ ಒಂದು ಲೋಟ ಕಾಫಿಯಷ್ಟೇ ಆಯುಸ್ಸು. ಕೆಳಗಿನ ಸಾಲನ್ನು ನಾನು ಆಮೇಲೆ ಓದಿದೆ. ಅದೇ ದಿನ, ಅದೇ ಪೆಟ್ಟಿಗೆಯಲ್ಲಿ ಬಂದ ಇನ್ನೊಂದು ಕೋವಿ, ೪೧೮. ಕೊಂಡವರು ಟಿ. ನರಸೀಪುರದಿಂದ ತಲಕಾಡಿಗೆ ಹೋಗುವ ರಸ್ತೆಯ ಒಂದು ಹಳ್ಳಿಯ ರೈತರು. ಅಂದರೆ ತಾತ ಕೋವಿ ಕೊಂಡದ್ದು ನಿಜ. ಆದರೆ ನನ್ನ ಅಂಗಡಿಯಲ್ಲಿದ್ದ ನಳಿಗೆ ಅವರು ಕೊಂಡದ್ದಲ್ಲ. ದೊಡ್ಡಮನೆಯದಲ್ಲ ಎಂದು ಸಾಬೀತಾದ ಹೊತ್ತಿಗೇ ಬೇರೆಯವರದು ಎಂದು ಸಾಬೀತಾಗಿತ್ತು.

"ಅಂಗಾರೆ ಇನ್ನೊಬ್ರ ಮನೇದು ಕದ್ರು ಅಂತಾರೆ, ಅಷ್ಟೇ ತಾನೆ ಸಾ?" ಎಂದು ಬಸ್ಸಿನಲ್ಲಿ ಒಂದೇ ಒಂದು ಸಲ ಕೇಳಿದರು. ವಾಪಸ್ಸು ಬರುವಾಗ ಕಂಡಕ್ಟರಿಗೆ ಯಾವ ಪಾಠವೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಇಷ್ಟು ದಿನ ಹೆದರಿ ಮುಂದೂಡಿದ್ದ ಕೆಲಸಕ್ಕೆ ಕೂತೆ. ಹಿಡಿಯ ಮರವನ್ನು ಕಬ್ಬಿಣದಿಂದ ಬಿಡಿಸುವುದು. ಹಳೇ ಇಂಗ್ಲಿಷ್ ಸ್ಕ್ರೂಗಳ ಬಾಯಿ ತೀರಾ ಸಣ್ಣ, ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ಹರಿದುಹೋಗುತ್ತದೆ. ಒಂದೊಂದಕ್ಕೂ ಒಂದೊಂದು ಸ್ಕ್ರೂಡ್ರೈವರಿನ ತುದಿ ಉಜ್ಜಿ ಹೊಂದಿಸಿದೆ. ಸೀಮೆಎಣ್ಣೆ ಬಿಟ್ಟು, ಕಾದು, ಕಾಲುಸುತ್ತು ತಿರುಗಿಸಿ, ಮತ್ತೆ ಬಿಟ್ಟೆ. ಮಧ್ಯಾಹ್ನದ ಊಟ ಬಿಟ್ಟೆ. ಮರ ಸಡಿಲವಾಗಿ ಕೈಗೆ ಬಂದಾಗ, ಯಾವ ಹುಣಸೆಹಣ್ಣೂ ತಾಗದ ಒಳಗಿನ ಕಬ್ಬಿಣದ ಮೇಲೆ ನಂಬರು ನಿನ್ನೆ ಹೊಡೆದ ಹಾಗಿತ್ತು. ೪೧೭.

ಹಿಡಿ ತಾತನದೇ. ನಳಿಗೆ ಮಾತ್ರ ಬೇರೆ. ಒಂದೇ ಪೆಟ್ಟಿಗೆಯ ಅಕ್ಕತಂಗಿಯರು ಸೀರೆ ಬದಲಾಯಿಸಿಕೊಂಡಿದ್ದರು. ಎದ್ದು ಕುಣಿಯಬೇಕು ಅನ್ನಿಸಿತು. ಆದರೆ ಯಾರು, ಯಾವಾಗ ಬದಲಾಯಿಸಿದರು? ಕೊಕ್ಕೆಯೊಳಗಿನ ತಾಮ್ರದ ತಗಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಕಪ್ಪು ಬಿಟ್ಟುಕೊಂಡಿತು. ಅದರ ಒಂದು ಮೂಲೆಯಲ್ಲಿ ಅರದಿಂದ ಎಳೆದ ಎರಡು ಸಣ್ಣ ಗೀರು ಕಂಡವು.

ಆ ಎರಡು ಗೀರು ನನಗೆ ಗೊತ್ತು. ನನ್ನಪ್ಪ ತಾವು ಮಾಡಿದ ಪ್ರತಿ ಬಿಡಿಭಾಗಕ್ಕೂ ಹಾಗೆ ಎರಡು ಗೀರು ಎಳೆಯುತ್ತಿದ್ದರು. ಇವತ್ತಿಗೂ ನಾನೂ ಹಾಗೇ ಎಳೆಯುತ್ತೇನೆ.

ಆಮೇಲೆ ಎಲ್ಲ ತಾನಾಗಿ ಬಿಚ್ಚಿಕೊಂಡಿತು. ನಮ್ಮ ಅಂಗಡಿಯ ಆಯುಧಪೂಜೆಯೆಂದರೆ, ರಿಪೇರಿಗೆ ಬಂದ ಕೋವಿಗಳನ್ನೆಲ್ಲ ಬಿಚ್ಚಿ ತೊಳೆದು, ನಳಿಗೆಗಳದ್ದೇ ಒಂದು ಸಾಲು, ಹಿಡಿಗಳದ್ದೇ ಒಂದು ಸಾಲು ಜೋಡಿಸಿ, ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಡುವುದು. ಅಪ್ಪ ಕಲಿಸಿದ್ದು. ಹಬ್ಬದ ಮಾರನೆಯ ದಿನ ಮತ್ತೆ ಕೂಡಿಸುವುದು. ಆಗ ಎಲ್ಲ ನಳಿಗೆಯ ನಂಬರೂ ಕುಂಕುಮದಡಿಯಲ್ಲಿ. ಹಳೇ ಕೆಲಸದ ಪುಸ್ತಕ ತೆಗೆದು ನೋಡಿದೆ: ಸುಮಾರು ನಲವತ್ತು ವರ್ಷದ ಹಿಂದಿನ ಒಂದು ದಸರಾ ವಾರದಲ್ಲಿ ಈ ಎರಡೂ ಊರಿನ ಕೋವಿಗಳು ಶುಚಿಗೆ ಬಂದಿದ್ದವು. ಹಬ್ಬ ಕಳೆದು ಹತ್ತು ದಿನಕ್ಕೆ ಕಂಡಕ್ಟರಮ್ಮನ ಅಪ್ಪ ವಾಪಸ್ಸು ಬಂದು, ಕೋವಿ ಲಟಲಟ ಅನ್ನುತ್ತದೆ ಎಂದಿದ್ದರು. ಅಪ್ಪ ನಳಿಗೆ ಸವೆದಿದೆ ಅಂದುಕೊಂಡು ತಗಡು ಕೊಟ್ಟು ಕಳಿಸಿದ್ದರು. ನಾನು ಪಾತ್ರೆ ತೇಪೆಯವನು ಎಂದು ನಕ್ಕಿದ್ದು ಅವರನ್ನೇ.

ಸಂಜೆ ಗುಮಾಸ್ತರನ್ನು ಕಂಡು ಇದ್ದದ್ದು ಹೇಳಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ನಿಮ್ಮ ಲೈಸೆನ್ಸ್ ಈ ವರ್ಷ ನವೀಕರಣಕ್ಕೆ ಬರುತ್ತೆ. ಅಂಗಡೀಲಿ ನಳಿಗೆ ಅದಲು ಬದಲಾಯ್ತು ಅಂತ ನೀವೇ ಬರ್ಕೊಟ್ರೆ ಸಾಹೇಬ್ರು ಬಿಡ್ತಾರಾ? ಅದಲುಬದಲಿಗೆ ಕಾರಣ ತಿಳಿದುಬಂದಿಲ್ಲ ಅಂತ ಬರೀರಿ, ಸಾಕು."

ಎರಡು ದಿನ ನಾನು ಆ ವಾಕ್ಯವನ್ನೇ ಬರೆಯಲು ಕೂತೆ. ಅಪ್ಪನ ಹೆಸರು, ನನ್ನ ಅನ್ನ, ಎರಡೂ ಉಳಿಯುತ್ತಿದ್ದವು. ಆದರೆ ಕಾರಣ ತಿಳಿದುಬಂದಿಲ್ಲ ಅಂದರೆ ಅದರೊಳಗೆ ಯಾವ ಕಾರಣ ಬೇಕಾದರೂ ತುಂಬಬಹುದು. ದೊಡ್ಡಮನೆಯವರು ಕಳವು ಎಂದೇ ತುಂಬುತ್ತಾರೆ. ನನ್ನಪ್ಪ ಮರೆವಿನವರು ಎಂದು ಹೇಳಲು ನಾನು ಹಿಂಜರಿದರೆ, ಅವರ ತಾತ ಕಳ್ಳ ಆಗುತ್ತಾರೆ. ಈ ಲೆಕ್ಕ ನನಗೆ ಸರಿಬರಲಿಲ್ಲ. ಮೂರನೇ ದಿನ, ನಮ್ಮ ಅಂಗಡಿಯಲ್ಲಿ, ನನ್ನ ತಂದೆಯವರ ಕೈಯಿಂದ, ಪೂಜೆಯ ನಂತರ ಕೂಡಿಸುವಾಗ ಎಂದು ಇದ್ದದ್ದು ಇದ್ದಂಗೆ ಬರೆದು, ತಾಮ್ರದ ತಗಡನ್ನು ಲಕೋಟೆಯಲ್ಲಿ ಹಾಕಿ ಲಗತ್ತಿಸಿದೆ.

ಆ ಭಾನುವಾರ ನಾನೂ ಕಂಡಕ್ಟರಮ್ಮನೂ ತಲಕಾಡು ರಸ್ತೆಯ ಆ ಹಳ್ಳಿಗೆ ಹೋದೆವು. ಕೋವಿ ಕೊಂಡವರ ಮೊಮ್ಮಗ ಪಂಪ್‌ಸೆಟ್ ಹತ್ತಿರ ಸಿಕ್ಕರು. ಕಥೆಯೆಲ್ಲ ಹೇಳಿದೆ, ಬೈಸಿಕೊಳ್ಳಲು ತಯಾರಾಗಿಯೇ ಹೇಳಿದೆ. ಆತ ಮನೆಗೆ ಕರೆದುಕೊಂಡು ಹೋಗಿ ಒಳಗಿನಿಂದ ಕೋವಿ ತಂದರು. ನಳಿಗೆಯ ಅಡಿ, ಅದೇ ಕಲ್ಲಾದ ಕುಂಕುಮ, ಅದೇ ಕೊಬ್ಬರಿ ಎಣ್ಣೆ. ಕಂಡಕ್ಟರಮ್ಮನೇ ಕಡ್ಡಿ ಹಿಡಿದು ಕೆದಕಿದರು. ನಾಲ್ಕು. ಒಂದು. ಕೊನೆಯದಕ್ಕೆ ಇನ್ನೊಂದು ಹನಿ ಎಣ್ಣೆ ಬಿಟ್ಟರು. ಏಳು.

ಮೊಮ್ಮಗ ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ಶಿವ್ನೇ! ನಲವತ್ತ್ ವರ್ಸದಿಂದ ಗುರಿ ಬೀಳ್ತಿಲ್ಲ ಅಂತ ನಮ್ಮಪ್ಪ ಕಣ್ಣಾಸ್ಪತ್ರೆಗೆ ಅಲ್ದಿದ್ದೇ ಅಲ್ದಿದ್ದು ಕಣ್ರೀ. ಈಗ ಓಗಿ ಯೋಳುಮಾ ಅಂದ್ರೆ ಮನ್ಸನೇ ಇಲ್ಲ." ಆಮೇಲೆ ಬೈಯುವ ಬದಲು ಎಳನೀರು ಕೆತ್ತಿ ಕೊಟ್ಟರು. ಗುರಿ ಬೀಳದ್ದು ನಳಿಗೆಯ ತಪ್ಪೋ ಅವರಪ್ಪನ ಕಣ್ಣಿನದೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ನಾವೇ ಬದಲಾಯಿಸಿಕೊಳ್ಳುವ ಹಾಗಿರಲಿಲ್ಲ. ಅವರ ಒಪ್ಪಿಗೆ ಪತ್ರ, ಟೀಚರಮ್ಮ ತಾವೇ ಬಂದು ತೋರಿಸಿದ ರಿಜಿಸ್ಟರು, ನನ್ನ ವರದಿ, ಎಲ್ಲ ಸೇರಿ ಸಾಹೇಬರ ಮೇಜಿನ ಮುಂದೆ ಒಂದು ದಿನ ಎರಡೂ ಕೋವಿ ಬಂದವು. ತಗಡಿಲ್ಲದೆ ೪೧೭ರ ನಳಿಗೆಯನ್ನು ೪೧೭ರ ಹಿಡಿಗೆ ಕೊಟ್ಟು ಮುಚ್ಚಿದೆ. 'ಟಕ್' ಅಂದಿತು. ಅದೇ ದನಿಯಲ್ಲಿ ಇನ್ನೊಂದೂ 'ಟಕ್' ಅಂದಿತು. ಸಾಹೇಬರು ತಾವೂ ಒಂದು ಸಲ ತೆರೆದು ಮುಚ್ಚಿ ನೋಡಿದರು. ನನಗೆ ಖಾರವಾದ ಎಚ್ಚರಿಕೆ ಪತ್ರ ಬಂತು, ಅಂಗಡಿ ಉಳಿಯಿತು. ಈಗ ನಮ್ಮಲ್ಲಿ ಪೂಜೆಗೆ ಕೋವಿಗಳನ್ನು ಬಿಚ್ಚುವುದಿಲ್ಲ. ಕೂಡಿಸಿದ ಹಾಗೇ ಇಟ್ಟು, ಹಿಡಿಗೆ ಮಾತ್ರ ಕುಂಕುಮ.

ಉಳಿದದ್ದು ತಕರಾರು ಅರ್ಜಿಯ ಸ್ಥಳ ಮಹಜರು. ಕಂಡಕ್ಟರಮ್ಮನ ಊರಿನ ಅರಳಿಕಟ್ಟೆಯಲ್ಲಿ ಜನ ಸೇರಿದ್ದರು. ಎದುರಿಗೇ ದೊಡ್ಡಮನೆಯ ಜಗಲಿ. ತಕರಾರು ಕೊಟ್ಟವರು ಕಟ್ಟೆಗೆ ಬಾರದೆ ಅಲ್ಲೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಗುಮಾಸ್ತರು ಮಹಜರು ಓದತೊಡಗಿದರು. ಅವರು ಓದುವುದೆಂದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಮೊದಲ ಸಾಲಿನಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ.

ಕಂಡಕ್ಟರಮ್ಮ ಎದ್ದರು. ಅವತ್ತೂ ಡ್ಯೂಟಿಯಿಂದಲೇ ಬಂದಿದ್ದರು, ಖಾಕಿಯಲ್ಲೇ ಇದ್ದರು.

"ಸಾ, ಆ ಹಾಳೆ ಕೊಡಿ ಇಲ್ಲಿ. ಮಧ್ಯದ ಸಾಲು ನಾನ್ ಓದ್ತೀನಿ."

ಗುಮಾಸ್ತರು ನನ್ನ ಮುಖ ನೋಡಿದರು, ನಾನು ಮರದ ಮೇಲೆ ನೋಡಿದೆ. ಹಾಳೆ ಅವರ ಕೈಗೆ ಹೋಯಿತು. ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆ ಊರು ಬಂತೆಂದು ಕೂಗುವ ಕಂಠ ಅದು. ತಾತನ ಪೂರ್ತಿ ಹೆಸರು, ಅವರಪ್ಪನ ಹೆಸರು, ಈ ಊರಿನ ಹೆಸರು ಕೂಗಿ, "ಇವರು ಅಂಗಡಿಗೆ ಖುದ್ದು ಹಾಜರಾಗಿ, ಸದರಿ ಕೋವಿಯನ್ನು ಖರೀದಿಸಿ, ತಮ್ಮ ಸ್ವಂತ ಕೈಯಿಂದ ರುಜು ಮಾಡಿರುತ್ತಾರೆ!" ಎಂದು ಓದಿದರು.

ಜಗಲಿಯ ಮೇಲಿನ ಪೇಪರ್ ಕೆಳಗಿಳಿಯಿತು.

ಕಂಡಕ್ಟರಮ್ಮ ಒಂದು ಕ್ಷಣ ಉಸಿರು ತೆಗೆದುಕೊಂಡು, ಆ ಕಡೆಗೇ ತಿರುಗಿ, ಅದೇ ಸಾಲನ್ನು ಮೊದಲಿನಿಂದ ಇನ್ನೊಂದು ಸಲ ಓದಿದರು.